ಏಕಾದಶೀವ್ರತವೂ ಹೃದ್ರೋಗಿಯ ಔಷಧವೂ

(ಪ್ರಥಮೈಕಾದಶಿಯ ಪೂರ್ವದಲ್ಲಿ ಕತ್ರಿಗುಪ್ಪೆಯಲ್ಲಿ ನಡೆದ ಉಪನ್ಯಾಸದ ಸಂಗ್ರಹ)

ಶ್ರೀಗುರುಭ್ಯೋ ನಮಃ । ಹರಿಃ ಓಂ ॥



ಪ್ರಥಮೈಕಾದಶಿಯು ಸಮೀಪಿಸುತ್ತಿದೆ. ಅಂದು ಶೇಷಶಾಯಿಯಾದ ಶ್ರೀಹರಿಯು ಯೋಗನಿದ್ರೆಯನ್ನು ಸ್ವೀಕರಿಸುವನು. ನಾವು ತಪ್ತಮುದ್ರಾಧಾರಣೆ ಮಾಡಿಸಿಕೊಂಡು ಚಾತುರ್ಮಾಸ್ಯವ್ರತಕ್ಕೆ ಸಂಕಲ್ಪಿಸುವೆವು. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಶ್ರೀಪಾದಂಗಳವರು 1956ರಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠವು ನಮ್ಮ ಬಡಾವಣೆಯಲ್ಲಿಯೇ ಇರುವುದರಿಂದ, ಮುದ್ರಾಧಾರಣೆಯ ದಿನ ನಿಲ್ಲುವ ಉದ್ದನೆಯ ಸಾಲನ್ನು ಈ ಸಭೆಯವರಿಗೆ ವರ್ಣಿಸಬೇಕಾದುದಿಲ್ಲ. ಆ ಸಾಲಿನಲ್ಲಿ ನಿಂತ ಹಿರಿಯರ ಕೈಚೀಲಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ವಸ್ತುವನ್ನು ಕಾಣುತ್ತಿದ್ದೇನೆ. ಪಂಚಪಾತ್ರೆ, ಗೋಪೀಚಂದನ, ಮಡಿವಸ್ತ್ರಗಳ ಜೊತೆಯಲ್ಲಿ ವಾರದ ಏಳು ದಿನಗಳಿಗೆ ಏಳು ಮನೆಗಳುಳ್ಳ ಒಂದು ಪ್ಲಾಸ್ಟಿಕ್ ಡಬ್ಬಿ. ರಕ್ತವು ಹೆಪ್ಪುಗಟ್ಟದಂತೆ ಒಂದು ಮಾತ್ರೆ, ರಕ್ತದೊತ್ತಡಕ್ಕೆ ಒಂದು, ಕೊಲೆಸ್ಟರಾಲಿಗೆ ಒಂದು, ಹೀಗೆ ಆಯಾ ದಿನದ್ದನ್ನು ಆಯಾ ಮನೆಯಲ್ಲಿ ಮಕ್ಕಳೋ ಸೊಸೆಯಂದಿರೋ ಜೋಡಿಸಿ ಇಟ್ಟಿರುತ್ತಾರೆ. ಏಕಾದಶಿ ಬಂದ ವಾರದಲ್ಲಿ ಆ ಡಬ್ಬಿಯ ಒಂದು ಮನೆಯು ತೆರೆಯದೆಯೇ ಉಳಿಯುತ್ತದೆ. ಇಂದು ನಾನು ನಿವೇದಿಸಬೇಕೆಂದಿರುವುದು ಆ ತೆರೆಯದ ಮನೆಯನ್ನು ಕುರಿತು.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ, ಇಂತಹುದೇ ಒಂದು ಉಪನ್ಯಾಸ ಮುಗಿದ ಮೇಲೆ ಮೆಟ್ಟಿಲಿನ ಬಳಿ ಒಬ್ಬ ಗೃಹಸ್ಥರು ನನ್ನನ್ನು ನಿಲ್ಲಿಸಿದರು. ಬ್ಯಾಂಕಿನಿಂದ ನಿವೃತ್ತರಾದವರು, ಸಂಧ್ಯಾವಂದನೆ, ದೇವರಪೂಜೆಗಳನ್ನು ಒಂದು ದಿನವೂ ಬಿಡದವರು. ಅದಕ್ಕೆ ನಾಲ್ಕು ತಿಂಗಳ ಹಿಂದೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಹಾಕಿಸಿಕೊಂಡಿದ್ದರು. ಅದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. "ಆಚಾರ್ಯರೇ, ಏಕಾದಶಿ ದಿನ ಮಾತ್ರೆ ತೊಗೋಬಹುದೇ?" ಎಂದಷ್ಟೇ ಕೇಳಿದರು. ನನಗೆ ಜಯನಗರದಲ್ಲಿ ಇನ್ನೊಂದು ಉಪನ್ಯಾಸಕ್ಕೆ ಹೊತ್ತಾಗಿತ್ತು. ಪಾದರಕ್ಷೆಯನ್ನು ಹುಡುಕುತ್ತಲೇ, "ಏಕಾದಶಿ ಅಂದಮೇಲೆ ನಿರ್ಜಲ. ಒಂದು ದಿನ ಬಿಟ್ಟರೆ ಏನೂ ಆಗೋದಿಲ್ಲ, ಹರಿ ಕಾಯ್ತಾನೆ" ಎಂದು ಹೇಳಿ ಹೊರಟುಬಿಟ್ಟೆ.

ಆ ಮಾತನ್ನು ಅವರು ವಿಧಿವಾಕ್ಯವೆಂದೇ ಸ್ವೀಕರಿಸಿದರು. ಸಂಪ್ರದಾಯಸ್ಥರಿಗೆ ಏಕಾದಶಿಯು ಒಂದು ದಿನದ ವ್ರತವಲ್ಲವೆಂಬುದು ತಮಗೆ ತಿಳಿದೇ ಇದೆ. ದಶಮಿಯಂದು ಏಕಭುಕ್ತ, ಏಕಾದಶಿಯಂದು ನಿರಾಹಾರ, ದ್ವಾದಶಿಯಂದು ಪಾರಣೆಯಾದ ಮೇಲೆ ಪುನಃ ರಾತ್ರಿಯ ಭೋಜನವಿಲ್ಲ. 'ರಾತ್ರಿ ಊಟದ ನಂತರ' ಎಂದು ವೈದ್ಯರು ಬರೆದ ಮಾತ್ರೆಗೆ ದಶಮಿಯ ರಾತ್ರಿ ಊಟವೇ ಇಲ್ಲ. ಆದ್ದರಿಂದ ಮಾತ್ರೆಯೂ ಇಲ್ಲ. ಏಕಾದಶಿಯಂದು ಎರಡು ಹೊತ್ತೂ ಇಲ್ಲ. ದಿನಕ್ಕೆರಡು ಬಾರಿ ತೆಗೆದುಕೊಳ್ಳಬೇಕಾಗಿದ್ದ, ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ ಮಾತ್ರೆಯು ಹೀಗೆ ಪಕ್ಷಕ್ಕೊಮ್ಮೆ ಸಾಲಾಗಿ ಮೂರು ಹೊತ್ತು ತಪ್ಪತೊಡಗಿತು. ಐದನೆಯದೋ ಆರನೆಯದೋ ಏಕಾದಶಿ ಕಳೆದು ದ್ವಾದಶಿಯ ಬೆಳಗಿನ ಜಾವ ಪಾರಣೆಗೆಂದು ಎಲೆಯ ಮುಂದೆ ಕುಳಿತವರು ಎದೆಯನ್ನು ಹಿಡಿದುಕೊಂಡು ಒರಗಿದರು. ಆಸ್ಪತ್ರೆಯಲ್ಲಿ ನೋಡಿದಾಗ ಹಾಕಿದ್ದ ಸ್ಟೆಂಟು ಹೆಪ್ಪುರಕ್ತದಿಂದ ಮುಚ್ಚಿತ್ತು. ಅದನ್ನು ತೆರವು ಮಾಡಿದರು, ಜೀವ ಉಳಿಯಿತು. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಗಿತ್ತು. ಹಿಂಡುವ ಬಲವು ಶೇಕಡ 55ಕ್ಕಿಂತ ಮೇಲಿರಬೇಕಾದುದು 35ಕ್ಕೆ ಇಳಿದಿತ್ತು. ಮಾತ್ರೆ ಬಿಟ್ಟುದೊಂದೇ ಇದಕ್ಕೆ ಕಾರಣವೆಂದು ವೈದ್ಯರು ಖಚಿತವಾಗಿ ಹೇಳಲಿಲ್ಲ. ಆದರೆ ಅವರ ಚೀಲದಲ್ಲಿದ್ದ ಡಬ್ಬಿಯನ್ನು ತೆರೆದು, ಹಾಗೆಯೇ ಉಳಿದಿದ್ದ ಮಾತ್ರೆಗಳನ್ನು ಎಣಿಸಿ, ಮನೆಯವರ ಮುಖವನ್ನು ನೋಡಿದರಂತೆ.

ನಾನು ಆಸ್ಪತ್ರೆಗೆ ಹೋದಾಗ ಅವರು ಮಲಗಿಯೇ ಕೈಮುಗಿದರು. ಒಂದು ಆಕ್ಷೇಪದ ಮಾತೂ ಇಲ್ಲ. ಅವರ ಪತ್ನಿಯು ಮಾತ್ರ ಬಾಗಿಲವರೆಗೆ ನನ್ನನ್ನು ಬೀಳ್ಕೊಡಲು ಬಂದು, "ಯಾವ ಮಾತ್ರೆ ಅಂತ ನೀವು ಒಂದು ಮಾತು ಕೇಳಬಹುದಿತ್ತು, ಆಚಾರ್ಯರೇ" ಎಂದರು. ಸಜ್ಜನರೇ, ನನ್ನ ಈ ವಯಸ್ಸಿನಲ್ಲಿ ಅನೇಕ ವಿದ್ವತ್ಸಭೆಗಳಲ್ಲಿ ವಾಕ್ಯಾರ್ಥಕ್ಕೆ ಕುಳಿತಿದ್ದೇನೆ, ಪೂರ್ವಪಕ್ಷಗಳನ್ನು ಎದುರಿಸಿದ್ದೇನೆ. ಆ ತಾಯಿಯ ಮಾತಿಗೆ ನನ್ನಲ್ಲಿ ಸಮಾಧಾನವಿರಲಿಲ್ಲ.

ಅಂದಿನಿಂದ ಈ ವಿಷಯವಾಗಿ ಗ್ರಂಥಗಳನ್ನು ಪುನಃ ತೆಗೆದು ನೋಡಿದೆ. ಹಿರಿಯ ವಿದ್ವಾಂಸರನ್ನೂ ವೈದ್ಯರನ್ನೂ ವಿಚಾರಿಸಿದೆ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಯ ಮಹಿಮೆಯನ್ನು ಎಷ್ಟು ದೃಢವಾಗಿ ಪ್ರತಿಪಾದಿಸಿದ್ದಾರೆಂಬುದನ್ನು ಇಲ್ಲಿ ಪುನಃ ಹೇಳಬೇಕಾಗಿಲ್ಲ. ಶಕ್ತಿಯಿದ್ದವನು ನೆಪಗಳನ್ನು ಹೂಡಿ ವ್ರತವನ್ನು ಸಡಿಲಿಸುವಂತಿಲ್ಲ. ಈ ಉಪನ್ಯಾಸದಿಂದ ಅಂತಹ ಸಡಿಲಿಕೆಗೆ ಅನುಮತಿ ದೊರೆಯಿತೆಂದು ಯಾರೂ ಭಾವಿಸಕೂಡದು. ಆದರೆ ಅಶಕ್ತರ ಪ್ರಶ್ನೆಯು ಬೇರೆ. ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ನೀತಿಯನ್ನು ಬೋಧಿಸುವಾಗ ವ್ರತಕ್ಕೆ ಭಂಗವನ್ನುಂಟುಮಾಡದ ಎಂಟನ್ನು ಎಣಿಸಿದ್ದಾನೆ. ನೀರಿನಿಂದ ತೊಡಗುವ ಆ ಎಣಿಕೆಯ ಕೊನೆಯಲ್ಲಿ ಗುರುವಿನ ಮಾತು ಬರುತ್ತದೆ. ಅದಕ್ಕೆ ಹೊಂದಿಕೊಂಡೇ ಔಷಧವು ಬರುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿ ಕೂರಿಸಿದ್ದಾನೆ. ನನ್ನಂತಹ ಒಬ್ಬ ಉಪನ್ಯಾಸಕನ ಅವಸರದ ಮಾತು ಪಕ್ಕದಲ್ಲಿದ್ದ ಔಷಧವನ್ನು ತಳ್ಳಿಹಾಕಿತಲ್ಲಾ ಎಂದು ಆ ಭಾಗವನ್ನು ಓದುವಾಗಲೆಲ್ಲಾ ನನಗೆ ನೆನಪಾಗುತ್ತದೆ.

ಎಂಟು ವರ್ಷ ಮೀರಿದವರಿಂದ ಎಂಬತ್ತು ತುಂಬುವವರೆಗಿನವರಿಗೆ ಉಪವಾಸದ ವಿಧಿಯೆಂದು ಹೇಳುವ ಧರ್ಮಶಾಸ್ತ್ರವೇ, ರೋಗಿಗೆ ಫಲಾಹಾರ, ಕ್ಷೀರ ಮೊದಲಾದ ಅನುಕಲ್ಪಗಳನ್ನೂ ಹೇಳಿದೆ. ಪತಿಗಾಗಿ ಪತ್ನಿಯೂ, ತಂದೆತಾಯಿಗಳಿಗಾಗಿ ಮಗನೂ ಪ್ರತಿನಿಧಿಯಾಗಿ ಉಪವಾಸ ಮಾಡುವ ಕ್ರಮವೂ ನಿಬಂಧಗ್ರಂಥಗಳಲ್ಲಿದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು, ಶಾಸ್ತ್ರವು ವಿಧಿಸದ ಘೋರತಪಸ್ಸಿನಿಂದ ದೇಹವನ್ನು ಬಳಲಿಸುವವರು ಒಳಗಿರುವ ತನ್ನನ್ನೂ ಬಳಲಿಸಿದಂತೆ ಎಂಬ ಅಭಿಪ್ರಾಯವನ್ನು ನಿಷ್ಠುರವಾಗಿಯೇ ತಿಳಿಸಿದ್ದಾನೆ. ಅಂತಹವರನ್ನು ಅಲ್ಲಿ ಯಾವ ಗುಂಪಿಗೆ ಸೇರಿಸಿದ್ದಾನೆಂಬುದನ್ನು ತಾವು ಮನೆಗೆ ಹೋಗಿ ನೋಡಿಕೊಳ್ಳಬಹುದು. ನಾನಿಲ್ಲಿ ಹೇಳಿ ಯಾರನ್ನೂ ನೋಯಿಸಲಾರೆ.

ಅಂಬರೀಷ ಮಹಾರಾಜನಿಗಿಂತ ಮಿಗಿಲಾದ ವ್ರತನಿಷ್ಠನನ್ನು ನಾವು ಎಲ್ಲಿಂದ ತರೋಣ? ಶ್ರೀಮದ್ಭಾಗವತದ ನವಮಸ್ಕಂಧದಲ್ಲಿ ಬರುವ ಆ ಕಥೆಯನ್ನು ನಾವು ದೂರ್ವಾಸರ ಕೋಪಕ್ಕಾಗಿ, ಸುದರ್ಶನದ ಮಹಿಮೆಗಾಗಿ ಕೇಳುತ್ತೇವೆ. ನಡುವಿನ ಒಂದು ಸಣ್ಣ ಘಟನೆಯನ್ನು ಬೇಗ ದಾಟಿಬಿಡುತ್ತೇವೆ. ಸ್ನಾನಕ್ಕೆ ಹೋದ ಋಷಿಗಳು ಹಿಂದಿರುಗಲಿಲ್ಲ. ದ್ವಾದಶಿಯು ಅರ್ಧ ಮುಹೂರ್ತ ಮಾತ್ರ ಉಳಿದಿದೆ. ಪಾರಣೆ ಮಾಡಿದರೆ ಅತಿಥಿಗೆ ಅವಮಾನ, ಮಾಡದಿದ್ದರೆ ವ್ರತಕ್ಕೆ ಲೋಪ. ರಾಜನು ಆಗ ತಾನೊಬ್ಬನೇ ನಿರ್ಣಯಿಸಲಿಲ್ಲ. ಕಾಲವು ಜಾರುತ್ತಿದ್ದರೂ ಬಲ್ಲ ಬ್ರಾಹ್ಮಣರನ್ನು ಕೂರಿಸಿಕೊಂಡು ವಿಚಾರಿಸಿದನು. ಭೋಜನವೂ ಆದಂತೆ, ಆಗದಂತೆಯೂ ಇರುವ ಜಲಪ್ರಾಶನವನ್ನು ಅವರ ಅನುಮತಿಯಿಂದ ಮಾಡಿದನು. ಸಾರ್ವಭೌಮನಾದವನು ಒಂದು ಗುಟುಕು ನೀರಿಗಾಗಿ ಬಲ್ಲವರನ್ನು ಕೇಳಿದನು. ಬಲ್ಲವರೂ ಪರಿಸ್ಥಿತಿಯನ್ನು ಪೂರ್ತಿಯಾಗಿ ಕೇಳಿ ಉತ್ತರಿಸಿದರು. ಪಾದರಕ್ಷೆಯನ್ನು ಹುಡುಕುತ್ತಾ ಉತ್ತರಿಸಲಿಲ್ಲ.

ಇನ್ನು ಹೃದಯದ ವಿಷಯ. ನಮ್ಮ ಸಿದ್ಧಾಂತದಲ್ಲಿ ಹೃದಯವೆಂದರೆ ಬಿಂಬರೂಪಿಯಾದ ಪರಮಾತ್ಮನ ಸನ್ನಿಧಾನ. ಮುಖ್ಯಪ್ರಾಣದೇವರು ಪ್ರತಿ ಜೀವನಲ್ಲಿಯೂ ನಿಂತು ದಿನಕ್ಕೆ 21,600 ಶ್ವಾಸಗಳಿಂದ ಹಂಸಮಂತ್ರವನ್ನು ಜಪಿಸುತ್ತಾರೆಂದು ಚಿಂತಿಸುತ್ತೇವೆ. ಲೆಕ್ಕ ಹಾಕಿದರೆ ನಿಮಿಷಕ್ಕೆ ಹದಿನೈದು ಉಸಿರು. ವೈದ್ಯರು ಹೇಳುವ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಅದೇ ರೀತಿ ನಿಮಿಷಕ್ಕೆ 72 ಬಾರಿಯಂತೆ ಮಿಡಿಯುವ ಹೃದಯವು ಒಂದು ಅಹೋರಾತ್ರದಲ್ಲಿ ಲಕ್ಷಕ್ಕೂ ಮಿಕ್ಕಿ ಮಿಡಿಯುತ್ತದೆ. ನಾವು ನಿದ್ರಿಸುವಾಗಲೂ, ಉಪವಾಸವಿರುವಾಗಲೂ, ಶ್ರೀಹರಿಯು ಯೋಗನಿದ್ರೆಯಲ್ಲಿರುವ ನಾಲ್ಕು ತಿಂಗಳೂ ಈ ಸೇವೆಗೆ ವಿರಾಮವಿಲ್ಲ. ಮಾಂಸಪಿಂಡವಾದ ಹೃದಯವೂ ಶಾಸ್ತ್ರಗಳು ಹೇಳುವ ಹೃತ್ಕಮಲವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಚಿಂತನೆಗೆ ಆಶ್ರಯವಾದ ಮಂದಿರದ ಗೋಡೆಯನ್ನು ಬೀಳಗೊಟ್ಟು ಒಳಗಿನ ದೇವರನ್ನು ಪೂಜಿಸುತ್ತೇನೆಂಬುದು ಎಂತಹ ಪೂಜೆ?

"ಆಚಾರ್ಯರೇ, ನಾವು ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರು, ನಮಗೆಲ್ಲಿಯ ಹೃದ್ರೋಗ?" ಎಂದು ಕೆಲವರು ಕೇಳುವುದುಂಟು. ಕೊಲೆಸ್ಟರಾಲಿನ ಹೆಚ್ಚಿನ ಭಾಗವನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ. ಅದಕ್ಕೆ ನಮ್ಮ ಮಡಿಯ ಪರಿಚಯವಿಲ್ಲ. 52 ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಭಾಗವಾಗಿ 2007ರಲ್ಲಿ ಪ್ರಕಟವಾದ ವಿವರದಂತೆ, ಭಾರತವೂ ಸೇರಿದ ದಕ್ಷಿಣ ಏಷ್ಯದವರಲ್ಲಿ ಮೊದಲ ಹೃದಯಾಘಾತದ ಮಧ್ಯಮ ವಯಸ್ಸು 53. ಇತರರಲ್ಲಿ 59ರ ಸಮೀಪ. ಹಯಗ್ರೀವ, ಹೋಳಿಗೆ, ಧನುರ್ಮಾಸದ ತುಪ್ಪದ ಹುಗ್ಗಿಗಳು ನೈವೇದ್ಯವಾದುದರಿಂದ ಪವಿತ್ರವಾಗುತ್ತವೆ. ತುಪ್ಪದ ಗುಣವು ಬದಲಾಗುವುದಿಲ್ಲ. ಪ್ರಸಾದವನ್ನು ಪ್ರಸಾದದ ಪ್ರಮಾಣದಲ್ಲಿ ಸ್ವೀಕರಿಸಬೇಕೆಂಬ ಹಿರಿಯರ ಮಾತು ಇದಕ್ಕೂ ಅನ್ವಯಿಸುತ್ತದೆ.

ಕೊಲೆಸ್ಟರಾಲನ್ನು ತಗ್ಗಿಸುವ ಸ್ಟ್ಯಾಟಿನ್ ಎಂಬ ಮಾತ್ರೆಯ ಬಗೆಗೆ ನಮ್ಮವರಲ್ಲಿ ಅನುಮಾನಗಳು ಅನೇಕ. ಜಪಾನಿನ ಅಕಿರಾ ಎಂಡೋ ಎಂಬ ವಿಜ್ಞಾನಿಯು ಸಾವಿರಾರು ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ 1973ರಲ್ಲಿ ಈ ವರ್ಗದ ಮೊದಲನೆಯ ದ್ರವ್ಯವನ್ನು ಕಂಡುಹಿಡಿದನು. 1987ರಲ್ಲಿ ಅಮೆರಿಕದಲ್ಲಿ ಇಂತಹ ಮೊದಲ ಔಷಧಕ್ಕೆ ಮಾರಾಟದ ಅನುಮತಿ ದೊರೆಯಿತು. 1994ರಲ್ಲಿ ಉತ್ತರ ಯೂರೋಪಿನ ಐದು ದೇಶಗಳ 4,444 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವು ಹೊರಬಂದಿತು. ಸುಮಾರು ಐದೂವರೆ ವರ್ಷಗಳಲ್ಲಿ, ಔಷಧವಿಲ್ಲದ ಮಾತ್ರೆಯನ್ನು ನುಂಗಿದವರಲ್ಲಿ ನೂರಕ್ಕೆ 12 ಮಂದಿಯೂ, ಸ್ಟ್ಯಾಟಿನ್ ನುಂಗಿದವರಲ್ಲಿ ನೂರಕ್ಕೆ 8 ಮಂದಿಯೂ ಮೃತರಾಗಿದ್ದರು. ನೂರರಲ್ಲಿ ನಾಲ್ವರು ಎಂದರೆ ಅಲ್ಪವೆಂದು ತೋರಬಹುದು. ಆ ನಾಲ್ವರಲ್ಲಿ ಒಬ್ಬರು ನಮ್ಮ ಮನೆಯವರಾದರೆ ಅಲ್ಪವೇ? ಬೂಷ್ಟಿನಿಂದ ಬಂದುದೆಂದು ಹೇಸುವವರಿಗೆ ಇನ್ನೊಂದು ಮಾತು: ಇಂದು ಹೆಚ್ಚಾಗಿ ಕೊಡುವ ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್‌ಗಳು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಾಗುವಂತಹವು. ಕ್ಯಾಪ್ಸೂಲಿನ ಹೊರಕವಚವು ಅನೇಕ ವೇಳೆ ಪ್ರಾಣಿಜನ್ಯವಾದ ಜೆಲಾಟಿನ್ ಆಗಿರುತ್ತದೆ. ಅದಕ್ಕಾಗಿ ಔಷಧವನ್ನೇ ಬಿಡುವ ಬದಲು, ಅದೇ ಔಷಧವು ಮಾತ್ರೆಯ ರೂಪದಲ್ಲಿ ಇದೆಯೇ ಎಂದು ವೈದ್ಯರನ್ನು ಕೇಳಿದರಾಯಿತು.

"ನುಂಗಿದರೆ ಏನೂ ತಿಳಿಯುವುದಿಲ್ಲ, ಬಿಟ್ಟರೂ ಏನೂ ತಿಳಿಯುವುದಿಲ್ಲ, ಮತ್ತೇಕೆ ಈ ಮಾತ್ರೆ?" ಎಂಬುದು ಇನ್ನೊಂದು ಆಕ್ಷೇಪ. ಈ ಪ್ರಶ್ನೆಯನ್ನು ಬೇರೆಯವರು ಕೇಳಬಹುದು. ನಿತ್ಯಕರ್ಮ, ನೈಮಿತ್ತಿಕಕರ್ಮಗಳ ಭೇದವನ್ನು ಬಾಲ್ಯದಿಂದ ಕೇಳುತ್ತಾ ಬಂದ ನಾವು ಕೇಳಬಾರದು. ಪ್ರಾತಃಸಂಧ್ಯೆಯನ್ನು ಮಾಡಿದ ದಿನ ಮಧ್ಯಾಹ್ನದೊಳಗೆ ಯಾವ ಫಲವಾದರೂ ಕಣ್ಣಿಗೆ ಕಂಡಿದೆಯೇ? ಮಾಡುವುದರಿಂದ ವಿಶೇಷ ಫಲವು ಕಾಣದಿದ್ದರೂ ಬಿಡುವುದರಿಂದ ಪ್ರತ್ಯವಾಯ ಉಂಟೆಂಬ ಭಯದಿಂದ, ಭಗವದಾಜ್ಞೆಯೆಂಬ ಭಕ್ತಿಯಿಂದ ಮಾಡುತ್ತೇವೆ. ಸ್ಟ್ಯಾಟಿನ್, ಆಸ್ಪಿರಿನ್, ರಕ್ತದೊತ್ತಡದ ಮಾತ್ರೆಗಳು ಈ ನಿತ್ಯವರ್ಗಕ್ಕೆ ಸೇರಿದವು. ಎದೆನೋವು ಬಂದಾಗ ಕುಳಿತುಕೊಂಡು ನಾಲಿಗೆಯ ಕೆಳಗಿಡುವ ಮಾತ್ರೆಯಿದೆಯಲ್ಲಾ, ಅದು ನೈಮಿತ್ತಿಕ. ನಿಮಿತ್ತ ಬಂದಾಗ ಮಾತ್ರ. ನಮ್ಮವರು ನೈಮಿತ್ತಿಕವನ್ನು ಜೋಪಾನವಾಗಿ ಸೊಂಟದಲ್ಲಿ ಸಿಕ್ಕಿಸಿಕೊಂಡು, ನಿತ್ಯವನ್ನು ಬಿಟ್ಟುಬಿಡುತ್ತಾರೆ! ವರ್ಷಕ್ಕೆ 24 ಏಕಾದಶಿಗಳು. ದಶಮಿ, ಏಕಾದಶಿ, ದ್ವಾದಶಿ ಎಂದು ಮೂರು ರಾತ್ರಿಯ ಮಾತ್ರೆ ತಪ್ಪಿದರೆ ವರ್ಷದಲ್ಲಿ 72 ರಾತ್ರಿಗಳಾದುವು. ಅಧಿಕಮಾಸ ಬಂದ ವರ್ಷ ಇನ್ನೂ ಆರು. ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್‌ಗಳನ್ನು ಊಟದೊಡನೆಯೇ ಆಗಲಿ, ರಾತ್ರಿಯೇ ಆಗಲಿ ತೆಗೆದುಕೊಳ್ಳಬೇಕೆಂಬ ನಿರ್ಬಂಧವಿಲ್ಲ. ಊಟವಿಲ್ಲವೆಂದು ಮಾತ್ರೆಯನ್ನು ಬಿಡುವುದಕ್ಕೆ ಆ ಮಟ್ಟಿಗೆ ಆಧಾರವೇ ಇಲ್ಲವಾಯಿತು. ಈ ಮಾತ್ರೆಯಿಂದ ಕೆಲವರಿಗೆ ಮೈಕೈ ಸ್ನಾಯುಗಳಲ್ಲಿ ನೋವು ಬರುವುದುಂಟು, ಸಕ್ಕರೆಯು ಸ್ವಲ್ಪ ಏರುವುದುಂಟು. ಬಂದರೆ ವೈದ್ಯರಿಗೆ ತಿಳಿಸಬೇಕು. ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ. ತಾನೇ ಬಿಟ್ಟು, ಕೇಳಿದಾಗ "ತೊಗೋತಾ ಇದ್ದೀನಿ" ಎಂದು ಸುಳ್ಳು ಹೇಳುವುದು ಏಕಾದಶಿಯಂದಾದರೂ ಬೇಡ.

ಸ್ಟೆಂಟ್ ಹಾಕಿಸಿಕೊಂಡವರ ವಿಷಯವು ಇದಕ್ಕಿಂತ ತೀಕ್ಷ್ಣವಾದುದು. ರಕ್ತನಾಳದ ಒಳಗೆ ಕೂರಿಸಿದ ಆ ಲೋಹದ ಜಾಲರಿಯು ದೇಹಕ್ಕೆ ಹೊಸಬ. ನಾಳದ ಒಳಪದರವು ಬೆಳೆದು ಅದನ್ನು ಮುಚ್ಚಿ ತನ್ನದಾಗಿಸಿಕೊಳ್ಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಪ್ಲೇಟ್‌ಲೆಟ್ ಎಂಬ ರಕ್ತಕಣಗಳು ಅದರ ಮೇಲೆ ಗುಂಪುಗೂಡಿ ಹೆಪ್ಪುಗಟ್ಟಲು ಹವಣಿಸುತ್ತಿರುತ್ತವೆ. ಆಸ್ಪಿರಿನ್ ಮತ್ತು ಅದರ ಜೊತೆಗಿನ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್ ಈ ಕಣಗಳನ್ನು ತಡೆದಿರುತ್ತವೆ. ಟಿಕಾಗ್ರೆಲರಿನ ಪ್ರಭಾವವು ಬೇಗನೆ ಇಳಿಯುವುದರಿಂದಲೇ ಅದನ್ನು ದಿನಕ್ಕೆರಡು ಬಾರಿ ಕೊಡುತ್ತಾರೆ. ಮೆಟೊಪ್ರೊಲಾಲ್ ಮೊದಲಾದ, ಹೃದಯದ ವೇಗವನ್ನು ತಗ್ಗಿಸುವ ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೆ ಅಡಗಿದ್ದ ಎದೆನೋವು ಮರುಕಳಿಸಬಹುದು.

ಹಾಗಾದರೆ ಎಲ್ಲ ಮಾತ್ರೆಗಳನ್ನೂ ನುಂಗಿ ಎಂದಿನಂತೆ ನಿರ್ಜಲ ಮಾಡಿದರಾಯಿತೇ? ಅದೂ ಸಲ್ಲದು. ಇದು ಎರಡನೆಯ ತಪ್ಪು, ಮೊದಲನೆಯದಕ್ಕಿಂತ ಕಿರಿದೇನೂ ಅಲ್ಲ. ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನು ನುಂಗಿ ನೀರನ್ನು ಬಿಟ್ಟರೆ ರಕ್ತದೊತ್ತಡ ಕುಸಿದು ದೇವರ ಮುಂದೆಯೇ ತಲೆಸುತ್ತಿ ಬೀಳುವ ಸಂಭವವಿದೆ. ಸಕ್ಕರೆಯ ರೋಗವೂ ಇದ್ದವರು ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆಯನ್ನು ಎಂದಿನಂತೆ ತೆಗೆದುಕೊಂಡು ಉಪವಾಸ ಮಾಡಿದರೆ ಪ್ರಜ್ಞೆ ತಪ್ಪಬಹುದು. ಹೃದಯದ ದೌರ್ಬಲ್ಯಕ್ಕೆ ಈಗ ಹೆಚ್ಚಾಗಿ ಕೊಡುವ ಡಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯು ದೀರ್ಘ ಉಪವಾಸದೊಡನೆ ಸೇರಿದರೆ, ವಿಶೇಷವಾಗಿ ಸಕ್ಕರೆ ರೋಗಿಗಳಲ್ಲಿ, ರಕ್ತವು ಆಮ್ಲಗೊಳ್ಳುವ ಅಪಾಯವಿದೆ. ಇನ್ನು ಕೆಲವರು ಮಾತ್ರೆಯನ್ನು ನುಂಗುತ್ತಾರೆ, ಆದರೆ ಒಂದು ಉದ್ಧರಣೆ ನೀರಿನಲ್ಲಿ! ಅನ್ನನಾಳದಲ್ಲಿ ಅಂಟಿಕೊಂಡ ಆಸ್ಪಿರಿನ್ ಅಲ್ಲಿಯೇ ಹುಣ್ಣನ್ನುಂಟುಮಾಡಬಹುದು. ಮಾತ್ರೆಗೆ ಒಂದು ಲೋಟ ನೀರು ಬೇಕು. ಆ ನೀರೂ ಔಷಧದ ಅಂಗವೇ. ಯಾವುದನ್ನು ಬಿಡಲೇಬಾರದು, ಯಾವುದನ್ನು ಅಂದು ಕಡಿಮೆ ಮಾಡಬೇಕು, ಯಾರು ಉಪವಾಸವನ್ನೇ ಮಾಡಬಾರದು ಎಂಬುದನ್ನು ವೈದ್ಯರೇ ಹೇಳಬೇಕು. ಅವರು ಹೇಳಿದ ಮೇಲೆ ಸಂಕಲ್ಪವನ್ನು ಹೇಗೆ ಮಾಡಬೇಕೆಂಬುದನ್ನು ತಮ್ಮ ತಮ್ಮ ಮಠದ ಗುರುಗಳಿಂದ ತಿಳಿಯಬೇಕು. ಈ ಕ್ರಮವು ಹಿಂದುಮುಂದಾಗಬಾರದು.

ಚಾತುರ್ಮಾಸ್ಯದ ಮೊದಲ ತಿಂಗಳ ಶಾಕವ್ರತದ ಬಗೆಗೆ ಒಂದು ವಿಷಯವನ್ನು ಹೃದಯದ ಕವಾಟವನ್ನು ಬದಲಾಯಿಸಿಕೊಂಡವರು ಗಮನವಿಟ್ಟು ಕೇಳಬೇಕು. ಲೋಹದ ಕವಾಟವುಳ್ಳವರಿಗೆ ಅಸಿಟ್ರಾಮ್ ಅಥವಾ ವಾರ್ಫರಿನ್ ಮಾತ್ರೆಯನ್ನು ಜೀವನಪರ್ಯಂತ ಕೊಡುತ್ತಾರೆ. ಈ ಮಾತ್ರೆಯ ಕೆಲಸವು ಸೊಪ್ಪುಗಳಲ್ಲಿರುವ ಕೆ ಜೀವಸತ್ವದ ಕೆಲಸಕ್ಕೆ ನೇರ ವಿರುದ್ಧವಾದುದು. ವೈದ್ಯರು ನಮ್ಮ ನಿತ್ಯದ ಊಟಕ್ಕೆ ತೂಗಿಯೇ ಅದರ ಪ್ರಮಾಣವನ್ನು ನಿಶ್ಚಯಿಸಿರುತ್ತಾರೆ. ಆಷಾಢ ಶುಕ್ಲದಿಂದ ಶ್ರಾವಣ ಶುಕ್ಲದವರೆಗೆ ಸೊಪ್ಪು ತರಕಾರಿಗಳನ್ನು ಪೂರ್ತಿಯಾಗಿ ಬಿಟ್ಟರೆ ತಕ್ಕಡಿಯ ಒಂದು ತಟ್ಟೆಯು ಬರಿದಾಯಿತು. ರಕ್ತವು ಅತಿಯಾಗಿ ತೆಳುವಾಗಿ ಸ್ರಾವವಾಗುವ ಭಯ. ತಿಂಗಳು ಮುಗಿದ ಮೇಲೆ ವ್ರತದ ಬಾಕಿಯನ್ನೆಲ್ಲಾ ತೀರಿಸುವಂತೆ ದಿನವೂ ಸೊಪ್ಪಿನ ಹುಳಿ, ದ್ವಾದಶಿಗೆ ಅಗಸೆಸೊಪ್ಪು ಎಂದು ಒಮ್ಮೆಲೇ ತೊಡಗಿದರೆ ತಕ್ಕಡಿಯು ಇನ್ನೊಂದು ಕಡೆಗೆ ವಾಲಿ, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಭಯ. ವ್ರತವನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಸಂಕಲ್ಪಕ್ಕೆ ಮೊದಲೇ ವೈದ್ಯರಿಗೆ "ಈ ತಿಂಗಳು ನಮ್ಮಲ್ಲಿ ಸೊಪ್ಪಿಲ್ಲ" ಎಂದು ತಿಳಿಸಿ, ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ಅವರು ಹೇಳಿದ ದಿನಗಳಂದು ಮಾಡಿಸಿಕೊಳ್ಳಬೇಕು. ವೈದ್ಯರಿಗೆ ಶಾಕವ್ರತವೆಂದರೇನೆಂಬುದು ತಿಳಿಯದಿರಬಹುದು, ಹೇಳಬೇಕಾದವರು ನಾವು.

ತಾಯಂದಿರನ್ನು ಕುರಿತು ವಿಶೇಷವಾಗಿ ಹೇಳಬೇಕಾಗಿದೆ. ಹಬ್ಬದ ದಿನ ಮಡಿಯುಟ್ಟು ಒಲೆಯ ಮುಂದೆ ನಿಂತ ಮನೆಯಾಕೆಯು ನೈವೇದ್ಯ, ಹಸ್ತೋದಕ, ಎಲ್ಲರ ಭೋಜನ ಮುಗಿಯುವವರೆಗೆ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ. ಮಾತ್ರೆಯ ಹಾಳೆಯು ಮೈಲಿಗೆ; ಅದನ್ನು ಮಡಿಯಲ್ಲಿ ಮುಟ್ಟುವಂತಿಲ್ಲ. ಬೆಳಿಗ್ಗೆ ಎಂಟಕ್ಕೆ ತೆಗೆದುಕೊಳ್ಳಬೇಕಾದ ರಕ್ತದೊತ್ತಡದ ಮಾತ್ರೆಯು ಹೀಗೆ ಅಪರಾಹ್ನ ಮೂರಕ್ಕೆ ಹೋಗುತ್ತದೆ, ಅಥವಾ ಹೋಗುವುದೇ ಇಲ್ಲ. ಮಡಿಯುಡುವ ಮೊದಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳು ಯಾವುವೆಂದು ವೈದ್ಯರಲ್ಲಿ ಕೇಳಿಕೊಳ್ಳಿ. ಗಂಡಸರೇ, ಪರಿಷೇಚನೆ ಮಾಡುವುದಕ್ಕೆ ಮೊದಲು "ನಿನ್ನ ಮಾತ್ರೆ ಆಯಿತೇ?" ಎಂದು ಒಮ್ಮೆ ಕೇಳಿದರೆ ತಮ್ಮ ಆಚಾರಕ್ಕೆ ಯಾವ ಕುಂದೂ ಬಾರದು. ಸ್ತ್ರೀಯರಲ್ಲಿ ಹೃದಯಾಘಾತವು ಎದೆನೋವಾಗಿಯೇ ಬರಬೇಕೆಂದಿಲ್ಲ. ದವಡೆ, ಬೆನ್ನುಗಳ ನೋವು, ತಣ್ಣನೆಯ ಬೆವರು, ಉಬ್ಬಸ, ವಾಕರಿಕೆ, ಅಕಾರಣವಾದ ಸುಸ್ತು, ಹೀಗೂ ಬರಬಹುದು. ಉಪವಾಸದ ಮಾರನೆಯ ದಿನ ಇವು ಕಾಣಿಸಿಕೊಂಡರೆ ಮನೆಯವರೆಲ್ಲಾ ಸೇರಿ "ಗ್ಯಾಸ್ಟ್ರಿಕ್" ಎಂದು ತೀರ್ಮಾನಿಸಿ ಜೀರಿಗೆ ಕಷಾಯವನ್ನು ಕುಡಿಸಿ ಮಲಗಿಸುತ್ತಾರೆ. ಕಷಾಯವು ಆರುವಷ್ಟರಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ.

ನಮ್ಮ ಭಾಗದವರಿಗೆ ಬನ್ನೇರುಘಟ್ಟ ರಸ್ತೆಯ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯು ದೂರವೇನಲ್ಲ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಊರಿನಲ್ಲಿರುವ ಬಂಧುಗಳಿಗೂ ಒಂದು ಮಾತು ತಿಳಿಸಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದ ಮೇಲೆ, ರಾಜ್ಯ ಸರಕಾರವು 2023ರಲ್ಲಿ ಅವರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೊಡ್ಡ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಸಲಹೆ ಕೊಡುವ, ಹೆಪ್ಪುರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಸೋದೆಗೋ ಮತ್ತೊಂದು ಕ್ಷೇತ್ರಕ್ಕೋ ಯಾತ್ರೆ ಹೋದಾಗ ಇದು ನೆನಪಿರಲಿ.

ವೈರಾಗ್ಯದ ಹೆಸರಿನಲ್ಲಿ "ಇನ್ನೆಷ್ಟು ದಿನ ಈ ದೇಹ, ಹರಿ ಕರೆದಾಗ ಹೋಗೋದು" ಎನ್ನುವವರಿದ್ದಾರೆ. ಮಾತು ದೊಡ್ಡದು. ಆದರೆ ನಮ್ಮ ದಾಸವರೇಣ್ಯರು ಹಾಗೆ ಹೇಳಲಿಲ್ಲ. ಮಾನವಿಯ ಶ್ರೀನಿವಾಸಾಚಾರ್ಯರು ವ್ಯಾಧಿಯಿಂದ ಬಳಲಿ ಬಂದಾಗ, ಗೋಪಾಲದಾಸರು ವಿಜಯದಾಸರ ಆಣತಿಯಂತೆ ಧನ್ವಂತರಿಯನ್ನು ಪ್ರಾರ್ಥಿಸಿ, ತಮ್ಮ ಆಯುಸ್ಸಿನಲ್ಲಿಯೇ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಸಂಪ್ರದಾಯವು ಹೇಳುತ್ತದೆ. ಆ ಶ್ರೀನಿವಾಸಾಚಾರ್ಯರೇ ಜಗನ್ನಾಥದಾಸರಾಗಿ ನಮಗೆ ಹರಿಕಥಾಮೃತಸಾರವನ್ನು ಕೊಟ್ಟರು. ಆಯುಸ್ಸು ಅಷ್ಟು ಹಗುರವಾದ ವಸ್ತುವಾಗಿದ್ದರೆ ಆ ಮಹಾನುಭಾವರು ಅದನ್ನು ದಾನ ಮಾಡುತ್ತಿದ್ದರೇ? ನಿತ್ಯವೂ ಪಠಿಸುವ ವಿಷ್ಣುಸಹಸ್ರನಾಮದಲ್ಲಿ ಔಷಧವೆಂಬುದೂ, ಭೇಷಜವೆಂಬುದೂ, ಭಿಷಕ್ ಎಂಬುದೂ ಅವನ ಹೆಸರುಗಳೇ. ಮಾತ್ರೆಯಲ್ಲಿರುವ ಶಕ್ತಿಯು ಸ್ವತಂತ್ರವಲ್ಲ. ಅದರೊಳಗೆ ನಿಂತು ಗುಣವನ್ನು ಕೊಡುವವನು ಧನ್ವಂತರಿ. ಈ ಅನುಸಂಧಾನದಿಂದ ಅಂಗೈಯಲ್ಲಿಟ್ಟುಕೊಂಡು ಕೃಷ್ಣಾರ್ಪಣವೆಂದು ಸೇವಿಸಿದರೆ ಏಕಾದಶಿಯ ಆ ಮಾತ್ರೆಯೂ ಹರಿಸ್ಮರಣೆಗೆ ನಿಮಿತ್ತವಾಯಿತು. ಕದ್ದು ತಿಂದಂತೆ, ತಪ್ಪು ಮಾಡಿದಂತೆ ನುಂಗಬೇಕಾದುದಿಲ್ಲ.

ಮೇಲೆ ಹೇಳಿದ ಗೃಹಸ್ಥರು ಈಗ ಏಕಾದಶಿಯಂದು ವೈದ್ಯರ ಸೂಚನೆಯಂತೆ ಮಾತ್ರೆಗಳನ್ನೂ, ಮಿತವಾದ ಹಾಲುಹಣ್ಣುಗಳನ್ನೂ ಸ್ವೀಕರಿಸುತ್ತಾರೆ. ನಿರ್ಜಲ ಉಪವಾಸವನ್ನು ಅವರ ಪರವಾಗಿ ಮಗನು ಮಾಡುತ್ತಾನೆ. ಮೊದಲ ಬಾರಿ ಹಾಗೆ ಮಾಡಿದ ದಿನ ಅವರ ಕಣ್ಣಲ್ಲಿ ನೀರು ಬಂದಿತ್ತಂತೆ. ಅರವತ್ತು ವರ್ಷಗಳ ಅಭ್ಯಾಸ. ಪ್ರದಕ್ಷಿಣೆಗೆ ಶಕ್ತಿಯಿಲ್ಲ. ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತು ಮಂಗಳಾರತಿಯನ್ನು ನೋಡಿ ಹೋಗುತ್ತಾರೆ.

ಪ್ರಥಮೈಕಾದಶಿಯ ಹಿಂದಿನ ದಿನ, ದಶಮಿಯ ಸಂಜೆ, ದೀಪಾರಾಧನೆಯಾದ ಮೇಲೆ ನಮ್ಮ ಬಡಾವಣೆಯವರೇ ಆದ ಒಬ್ಬ ಹೃದ್ರೋಗತಜ್ಞರು ದೇವಸ್ಥಾನದ ಸಭಾಂಗಣದಲ್ಲಿ ಕುಳಿತಿರುವರು. ವ್ರತದ ದಿನಗಳ ಔಷಧದ ಬಗೆಗೆ ಸಂದೇಹವುಳ್ಳವರು ವೈದ್ಯರ ಚೀಟಿಯನ್ನೂ, ಮಾತ್ರೆಗಳ ಡಬ್ಬಿಯನ್ನೂ ತಪ್ಪದೆ ತರುವುದು. ನಾನೂ ಅವರ ಪಕ್ಕದಲ್ಲಿ ಇರುತ್ತೇನೆ; ಅಂದು ಬೇರೆಲ್ಲಿಯೂ ಉಪನ್ಯಾಸವನ್ನು ಒಪ್ಪಿಕೊಂಡಿಲ್ಲ. ಆ ಗೃಹಸ್ಥರೂ ಪತ್ನೀಸಮೇತರಾಗಿ ಬರುವೆನೆಂದು ತಿಳಿಸಿದ್ದಾರೆ.

॥ ಶ್ರೀಕೃಷ್ಣಾರ್ಪಣಮಸ್ತು ॥